ಬಾಯಿಗೆ ಬೀಗ ಹಾಕುವುದು ಸಭ್ಯತೆಯಲ್ಲ

"ಇಲ್ಲಿ ರಾಜಕೀಯ ಬೇಡ. ಜಾತಿ, ಧರ್ಮ ಬೇಡ. ಹೀರೋಗಳ ವಿಷಯ ಬೇಡ. ಭಾಷೆಯ ವಿಷಯವಂತೂ ಬೇಡವೇ ಬೇಡ." ದಕ್ಷಿಣ ಬೆಂಗಳೂರಿನಲ್ಲಿ ತೆಲುಗು ಮಾತಾಡುವವರು ಕಟ್ಟಿಕೊಂಡಿರುವ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೊಸದಾಗಿ ಸೇರಿದವರ ಕಣ್ಣಿಗೆ ಮೊದಲು ಬೀಳುವುದು ಹೆಚ್ಚಾಗಿ ಈ ಕಟ್ಟಳೆಯೇ. ಜಯನಗರದ ಹಳೆಯ ಸಂಸಾರಗಳ ಗುಂಪಿರಲಿ, ಜೆ.ಪಿ. ನಗರದ ಅಪಾರ್ಟ್‌ಮೆಂಟಿನವರದ್ದಿರಲಿ, ಬಿ.ಟಿ.ಎಂ. ಲೇಔಟಿನ ಪಿ.ಜಿ. ಹುಡುಗರದ್ದಿರಲಿ, ಮಾತು ಒಂದೇ. ಇದರ ಹಿಂದೆ ಒಂದು ನಂಬಿಕೆ ಇದೆ. ಜಗಳದ ವಿಷಯ ಇರುವುದರಿಂದ ಜನ ಜಗಳವಾಡುತ್ತಾರೆ. ಆ ವಿಷಯವನ್ನೇ ತೆಗೆದುಹಾಕಿದರೆ ಉಳಿಯುವುದೆಲ್ಲ ಸಭ್ಯತೆ. ಓದಿದವರು, ಒಳ್ಳೆಯ ಹುದ್ದೆಯಲ್ಲಿರುವವರು, ನಾಲ್ಕು ಜನರಿಗೆ ಬುದ್ಧಿ ಹೇಳುವ ಹಿರಿಯರು, ಎಲ್ಲರೂ ಇದನ್ನು ಒಪ್ಪಿಬಿಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ಈ ನಂಬಿಕೆ ಸುಳ್ಳು, ಅದರಿಂದ ಆಗುತ್ತಿರುವ ಕೆಡುಕೂ ಸಣ್ಣದಲ್ಲ.

ನಮ್ಮದು ಬಾಗೇಪಲ್ಲಿ ಕಡೆಯ ಮನೆತನ. ಅಮ್ಮನ ಹತ್ತಿರ ತೆಲುಗು, ಮೇಷ್ಟರ ಹತ್ತಿರ ಕನ್ನಡ ಎಂದೇ ಬೆಳೆದವರು. ಗೌರಿಬಿದನೂರು, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಅತ್ತ ಪಾವಗಡ, ಈ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಕಟ್ಟೆಯ ಮೇಲಿನ ವಾದ ತೆಲುಗಿನಲ್ಲಿ ನಡೆಯುತ್ತದೆ, ಪಂಚಾಯಿತಿ ನಡವಳಿ ಕನ್ನಡದಲ್ಲಿ ದಾಖಲಾಗುತ್ತದೆ. ಕೈವಾರದ ತಾತಯ್ಯನವರು ಎರಡೂ ಭಾಷೆಯಲ್ಲಿ ಪದ ಕಟ್ಟಿದರು, ಜನ ಎರಡನ್ನೂ ಹಾಡಿಕೊಂಡರು. 2011ರ ಜನಗಣತಿಯಲ್ಲಿ ಕರ್ನಾಟಕದ ನೂರು ಜನರಲ್ಲಿ ಹತ್ತಿರ ಹತ್ತಿರ ಆರು ಜನ ತೆಲುಗನ್ನು ತಾಯ್ನುಡಿಯೆಂದು ಬರೆಸಿದ್ದಾರೆ. ಅಂದರೆ ಸುಮಾರು 36 ಲಕ್ಷ. ಇಷ್ಟು ಜನ ತಮ್ಮೊಳಗೆ ಏನು ಮಾತಾಡುತ್ತಾರೆ, ಹೇಗೆ ಮಾತಾಡುತ್ತಾರೆ ಎಂಬುದು ಅವರ ಮನೆಯೊಳಗಿನ ವಿಷಯವಷ್ಟೇ ಅಲ್ಲ, ಇಡೀ ನಾಡಿನ ವಿಷಯ.

ದಕ್ಷಿಣ ಬೆಂಗಳೂರಿನ ತೆಲುಗು ಒಂದೇ ತೆಲುಗಲ್ಲ. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಈ ಹಳ್ಳಿಗಳಲ್ಲೂ ಇವುಗಳ ಸುತ್ತಮುತ್ತಲೂ ಲೇಔಟು ಬರುವುದಕ್ಕೆ ಮೊದಲೇ ಮನೆಯಲ್ಲಿ ತೆಲುಗು ಆಡುವ ಒಕ್ಕಲು ಕುಟುಂಬಗಳಿದ್ದವು. ಅವರ ತೆಲುಗಿನಲ್ಲಿ ಅರ್ಧ ಕನ್ನಡ. ಅವರ ಮಕ್ಕಳು ಓದಿದ್ದು ಕನ್ನಡ ಶಾಲೆಯಲ್ಲಿ, ನೋಡಿದ್ದು ರಾಜಕುಮಾರ್ ಸಿನಿಮಾ. ಅವರ ಪಕ್ಕದಲ್ಲೇ, ಕೆಲವೊಮ್ಮೆ ಅವರೇ ಕಟ್ಟಿಸಿದ ಪಿ.ಜಿ. ಕಟ್ಟಡದಲ್ಲೇ, ಗುಂಟೂರು, ಕಡಪ, ವಿಶಾಖಪಟ್ಟಣ, ವರಂಗಲ್‌ಗಳಿಂದ ಕೆಲಸ ಹುಡುಕಿಕೊಂಡು ಬಂದ ಇಪ್ಪತ್ತೆರಡು–ಇಪ್ಪತ್ಮೂರರ ಹುಡುಗರು ಒಂದು ರೂಮಿಗೆ ಮೂವರಂತೆ ಇದ್ದಾರೆ. ಜೆ.ಪಿ. ನಗರದ ಫ್ಲ್ಯಾಟುಗಳಲ್ಲಿ ಹೈದರಾಬಾದಿನಿಂದ ವರ್ಗವಾಗಿ ಬಂದ ದಂಪತಿಗಳು. ಬನಶಂಕರಿಯಲ್ಲಿ ಅನಂತಪುರದಿಂದ ಬಂದು ನಿವೃತ್ತರಾದ ಬ್ಯಾಂಕಿನವರು. 2014ರ ಜೂನ್ 2ಕ್ಕೆ ಆಂಧ್ರ, ತೆಲಂಗಾಣ ಬೇರೆಯಾದ ಮೇಲೆ ಅದರದ್ದೂ ಒಂದು ಗೆರೆ. ಇವರೆಲ್ಲ ಒಂದು ಗುಂಪಿಗೆ ಸೇರಿದಾಗ ಭಿನ್ನಾಭಿಪ್ರಾಯ ಬಾರದೆ ಇರಲು ಹೇಗೆ ಸಾಧ್ಯ? ಬರಬೇಕು. ಅದಕ್ಕೇ ತಾನೆ ಗುಂಪು?

ಒಂದು ಜಗಳವನ್ನು ಹತ್ತಿರದಿಂದ ನೋಡೋಣ. 2023ರ ಡಿಸೆಂಬರ್ ಕೊನೆಯ ವಾರ. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು ನಗರದಲ್ಲಿ ಹೋರಾಟ ನಡೆದು, ಬೋರ್ಡುಗಳು ಒಡೆದಿದ್ದವು. ನಾನು ಸದಸ್ಯನಾಗಿದ್ದ ಒಂದು ತೆಲುಗು ಗುಂಪಿನಲ್ಲಿ ಮೆಸ್ಸು ನಡೆಸುವ ಒಬ್ಬರು ಕೇಳಿದರು: ನಮ್ಮ ಬೋರ್ಡು ಇಂಗ್ಲಿಷಿನಲ್ಲಿದೆ, ಪಕ್ಕದಲ್ಲಿ ತೆಲುಗು ಇದೆ, ಏನು ಮಾಡಬೇಕು, ಎಷ್ಟು ದಿನ ಟೈಮಿದೆ? ಒಳ್ಳೆಯ ಪ್ರಶ್ನೆ. ಹಳೆಯ ನಿವಾಸಿಯೊಬ್ಬರು, "ಇಲ್ಲೇ ಅನ್ನ ದುಡಿದುಕೊಂಡು ಕನ್ನಡ ಹಾಕಲು ಏನು ಕಷ್ಟಪ್ಪ?" ಎಂದರು. ಮಾತು ಸ್ವಲ್ಪ ಗಡುಸು, ಆದರೆ ನ್ಯಾಯವಾದದ್ದು. ಇನ್ನೊಬ್ಬರು, ಕನ್ನಡ ಹಾಕಲು ತಕರಾರಿಲ್ಲ, ಬೋರ್ಡು ಒಡೆಯುವುದಕ್ಕೆ ತಕರಾರು ಎಂದರು. ಅದೂ ನ್ಯಾಯವಾದದ್ದೇ. ಅರ್ಧ ಗಂಟೆ ಹೀಗೇ ನಡೆಯಿತು. ಆಮೇಲೆ ಒಬ್ಬ ಹುಡುಗ ಆ ಹಿರಿಯರ ತೆಲುಗನ್ನು ಹಿಡಿದುಕೊಂಡ. "ಅಸಲು ನೀದಿ ತೆಲುಗಾ, ಕನ್ನಡಮಾ?" ಎಂದು ಕೇಳಿ, ನಗುವ ಮುಖಗಳ ಸಾಲು ಹಾಕಿದ. ಅಲ್ಲಿಂದ ಮಾತು ಬೋರ್ಡಿನ ಮೇಲೆ ಇರಲಿಲ್ಲ. ಯಾರು ಅಸಲಿ ತೆಲುಗಿನವರು, ಯಾರ ಜಾತಿ ಯಾವುದು, ಯಾವ ಜಿಲ್ಲೆಯವರು ಎಂಥವರು ಎಂಬಲ್ಲಿಗೆ ಹೋಯಿತು. ಎಲ್ಲಿಂದಲೋ ಬಂದ ಫಾರ್ವರ್ಡುಗಳು ಬಿದ್ದವು. ಅಡ್ಮಿನ್ ಮಹಾಶಯರು ರಾತ್ರಿ ಹತ್ತರ ಹೊತ್ತಿಗೆ ಎದ್ದು ಬಂದು, ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದಂತೆ ಗುಂಪಿಗೆ ಬೀಗ ಹಾಕಿ, ಮಾರನೆಯ ದಿನ ಹೊಸ ಕಟ್ಟಳೆ ಪ್ರಕಟಿಸಿದರು: ಇನ್ನು ಭಾಷೆಯ ವಿಷಯ ಬೇಡ.

ಇದರಲ್ಲಿ ತಪ್ಪು ಮಾಡಿದ್ದು ಯಾರು? ವಿಷಯವೇ? ವಿಷಯ ಅರ್ಧ ಗಂಟೆ ಚೆನ್ನಾಗಿ ನಡೆದಿತ್ತು. ತಪ್ಪಿದ್ದು ಆ ಒಂದು ಸಾಲಿನಲ್ಲಿ, ಮಾತು ವಿಷಯವನ್ನು ಬಿಟ್ಟು ಮನುಷ್ಯನ ಮೇಲೆ ತಿರುಗಿದ ಸಾಲಿನಲ್ಲಿ. ಆ ಕ್ಷಣಕ್ಕೆ ಯಾರಾದರೂ ಒಬ್ಬರು "ಅವರ ತೆಲುಗಿನ ಮಾತು ಬೇಡ, ಅವರು ಕೇಳಿದ್ದಕ್ಕೆ ಉತ್ತರ ಹೇಳು" ಎಂದಿದ್ದರೆ ಸಾಕಿತ್ತು. ಅಡ್ಮಿನ್ ಅದನ್ನು ಮಾಡಲಿಲ್ಲ. ಅಪರಾಧಿಯನ್ನು ಬಿಟ್ಟು ಪ್ರಶ್ನೆಗೆ ಶಿಕ್ಷೆ ಕೊಟ್ಟರು. ಕೇಳಿದ ಮೆಸ್ಸಿನವರಿಗೆ ಕೊನೆಗೂ ಉತ್ತರ ಸಿಗಲಿಲ್ಲ. ಪಾಲಿಕೆ 2024ರ ಫೆಬ್ರವರಿ 28ರ ಗಡುವು ಕೊಟ್ಟಿದೆ ಎಂದು ಒಂದು ಸಾಲಿನಲ್ಲಿ ತಿಳಿಸಬಹುದಿತ್ತು. ಅದನ್ನು ಬರೆಯಲು ಯಾರಿಗೂ ಅವಕಾಶವೇ ಇರಲಿಲ್ಲ.

ಬೀಗ ಹಾಕಿದ ಮೇಲೆ ಏನಾಗುತ್ತದೆ ಎಂಬುದನ್ನು ಈ ನಂಬಿಕೆಯವರು ನೋಡುವುದೇ ಇಲ್ಲ. ಅವರ ಕಣ್ಣಿಗೆ ಗುಂಪು ಶಾಂತವಾಗಿದೆ. ಬೆಳಿಗ್ಗೆ ವೆಂಕಟೇಶ್ವರನ ಚಿತ್ರ, ಮಧ್ಯಾಹ್ನ ಖಾಲಿ ರೂಮಿನ ಜಾಹೀರಾತು, ಸಂಜೆ ಹುಟ್ಟುಹಬ್ಬದ ಕೇಕು. ಆದರೆ ಜನ ಮಾತಾಡುವುದನ್ನು ಬಿಟ್ಟಿಲ್ಲ. ಬೇರೆ ಕಡೆ ಹೋಗಿ ಮಾತಾಡುತ್ತಿದ್ದಾರೆ. ಆ ಜಗಳವಾದ ಒಂದೇ ತಿಂಗಳಲ್ಲಿ ಅದೇ ಜನರ ನಡುವೆ ಇನ್ನೂ ಮೂರು ಗುಂಪುಗಳು ಹುಟ್ಟಿದವು. ಒಂದು ಒಂದು ಪಕ್ಷದವರದ್ದು, ಇನ್ನೊಂದು ಒಂದು ಜಾತಿಯವರದ್ದು, ಮತ್ತೊಂದು ಒಬ್ಬ ನಟನ ಅಭಿಮಾನಿಗಳದ್ದು. ಅಲ್ಲಿ ಎದುರು ಮಾತಾಡುವವರೇ ಇಲ್ಲ. ಎದುರಾಳಿ ಇಲ್ಲದ ಕಡೆ ಎದುರಾಳಿಯ ಬಗ್ಗೆ ಏನು ಬೇಕಾದರೂ ಹೇಳಬಹುದು. ಮುಖ್ಯ ಗುಂಪಿನಲ್ಲಿ ಆಡಿದ್ದರೆ ನಾಚಿಕೆಯಾಗುತ್ತಿದ್ದ ಮಾತು ಅಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಅಸಭ್ಯತೆ ಬೆಳೆಯುವುದು ಇಲ್ಲಿ.

2024ರ ಬೇಸಿಗೆಯ ಚುನಾವಣೆಯನ್ನೇ ನೋಡಿ. ಬೆಂಗಳೂರು ಏಪ್ರಿಲ್ 26ರಂದು ಮತ ಹಾಕಿತು. ಆಂಧ್ರದಲ್ಲಿ ಲೋಕಸಭೆಗೂ ವಿಧಾನಸಭೆಗೂ ಮೇ 13ರಂದು ಮತದಾನ. ಅಲ್ಲೇ ಓಟಿಟ್ಟುಕೊಂಡಿರುವ ಸಾವಿರಾರು ಜನ ಆ ಶನಿವಾರ, ಭಾನುವಾರ ಬಸ್ಸು, ರೈಲು ತುಂಬಿಕೊಂಡು ಊರಿಗೆ ಹೋದರು. ತಮ್ಮ ಊರಿನ ಐದು ವರ್ಷ ಯಾರ ಕೈಗೆ ಎಂದು ತೀರ್ಮಾನಿಸಲು ಹೊರಟವರು ಅದರ ಬಗ್ಗೆ ಒಂದು ಸಾಲು ಕೂಡ ಗುಂಪಿನಲ್ಲಿ ಬರೆಯುವಂತಿರಲಿಲ್ಲ. ಬಿ.ಟಿ.ಎಂ.ನ ಒಂದು ಪಿ.ಜಿ.ಯಲ್ಲಿ ಒಂದೇ ರೂಮಿನ ಇಬ್ಬರು ಹುಡುಗರನ್ನು ನಾನು ಬಲ್ಲೆ. ಒಬ್ಬ ಒಂದು ಪಕ್ಷದ ಗುಂಪಿನಲ್ಲಿ, ಇನ್ನೊಬ್ಬ ಇನ್ನೊಂದರಲ್ಲಿ. ಇಬ್ಬರೂ ರಾತ್ರಿ ಒಂದು ಗಂಟೆಯವರೆಗೆ ಹಾಸಿಗೆಯಲ್ಲಿ ಬೆನ್ನು ತಿರುಗಿಸಿ ಮಲಗಿ, ಪರಸ್ಪರರ ಪಕ್ಷದವರನ್ನು ಬೈಯುವ ಮೆಸೇಜು ಓದುತ್ತಿದ್ದರು. ಒಂದು ಸಲವೂ ಎದುರುಬದುರು ಕೂತು ನಿಮ್ಮವರು ಏನು ಮಾಡಿದರು, ನಮ್ಮವರು ಏನು ಮಾಡಿದರು ಎಂದು ಕೇಳಿಕೊಳ್ಳಲಿಲ್ಲ. ಜೂನ್ 4ರಂದು ಫಲಿತಾಂಶ ಬಂದ ವಾರವೇ ಒಬ್ಬ ರೂಮು ಬದಲಿಸಿದ. ಈ ಹುಡುಗರಿಗೆ ಶಾಂತಿಯ ಗುಂಪು ಕಲಿಸಿದ್ದಾದರೂ ಏನು?

ಬೀಗದ ಪರ ಇರುವವರ ದೊಡ್ಡ ವಾದವೆಂದರೆ ಸುಳ್ಳು ಸುದ್ದಿಯ ಭಯ. ಅದು ಹಗುರವಾದ ಭಯವಲ್ಲ. ಈ ಊರು ಅದನ್ನು ಅನುಭವಿಸಿದೆ. 2012ರ ಆಗಸ್ಟಿನಲ್ಲಿ ಮೊಬೈಲುಗಳಲ್ಲಿ ಹರಿದಾಡಿದ ಬೆದರಿಕೆಯ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಕಟ್ಟುಪಾಡು ಹಾಕಬೇಕಾಯಿತು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸುಳ್ಳನ್ನು ನಂಬಿದ ಜನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಒಬ್ಬ ಅಮಾಯಕನನ್ನು ಹೊಡೆದು ಕೊಂದರು. ಅದೇ ವರ್ಷದ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. ಇವೆರಡನ್ನೂ ಮರೆಯಬಾರದು. ಆದರೆ ಆ ಸುಳ್ಳುಗಳು ಹಬ್ಬಿದ್ದು ಚರ್ಚೆ ಹೆಚ್ಚಾಗಿದ್ದರಿಂದ ಅಲ್ಲ. "ಇದನ್ನು ಯಾರು ನೋಡಿದರು? ಯಾವ ಠಾಣೆಯಲ್ಲಿ ದೂರು ಇದೆ?" ಎಂದು ಮರುಪ್ರಶ್ನೆ ಹಾಕುವವರು ಇಲ್ಲದ ಕಡೆ ಹಬ್ಬಿದವು. ಪ್ರಶ್ನೆ ಕೇಳುವ ಅಭ್ಯಾಸ ದಿನವೂ ಇರುವ ಗುಂಪಿನಲ್ಲಿ ಸುಳ್ಳಿಗೆ ಕಾಲೂರಲು ಕಷ್ಟ. ದಿನವೂ ಕೈಮುಗಿದ ಚಿತ್ರ ಮಾತ್ರ ಹಾಕಿ ಅಭ್ಯಾಸವಾದ ಗುಂಪು ಅಂಥ ಮೆಸೇಜು ಬಂದ ದಿನ ಅದನ್ನೂ ಅದೇ ಕೈಯಿಂದ ಮುಂದಕ್ಕೆ ತಳ್ಳುತ್ತದೆ.

ಎರಡನೆಯ ವಾದ: ಅಡ್ಮಿನ್ ಜೈಲಿಗೆ ಹೋಗುತ್ತಾನೆ. ಇದನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ! ಸದಸ್ಯರು ಬರೆದದ್ದಕ್ಕೆ ಅಡ್ಮಿನ್ ಆಗಿದ್ದಾನೆ ಎಂಬ ಒಂದೇ ಕಾರಣಕ್ಕೆ ಅವನನ್ನು ಹೊಣೆ ಮಾಡಲಾಗದು ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಅಂತರ್ಜಾಲದಲ್ಲಿ ಬರೆದ ಮಾತಿಗೆ ಯಾರನ್ನು ಬೇಕಾದರೂ ಹಿಡಿಯಲು ಬಳಕೆಯಾಗುತ್ತಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್‌ನಲ್ಲೇ ರದ್ದು ಮಾಡಿದೆ. ಬೆದರಿಕೆ ಹಾಕಿದವನು, ದ್ವೇಷ ಹಚ್ಚಿದವನು ತನ್ನ ಮಾತಿಗೆ ತಾನು ಹೊಣೆ; ಅದು ಸರಿಯೇ. ಅಡ್ಮಿನ್ ಅಂಥದ್ದನ್ನು ಅಳಿಸಲಿ, ಆ ಸೌಲಭ್ಯವನ್ನು ವಾಟ್ಸ್‌ಆ್ಯಪ್ ಕೊಟ್ಟಿದೆ. ಅದಕ್ಕಾಗಿ ಉಳಿದ ಎಲ್ಲರ ಬಾಯಿ ಮುಚ್ಚಿಸುವುದು ಕಾನೂನಿನ ಭಯವಲ್ಲ. ಕೆಲಸ ತಪ್ಪಿಸಿಕೊಳ್ಳಲು ಸಿಕ್ಕ ನೆಪ.

ತೆಲುಗಿನವರಿಗೆ ಬಿಸಿಯಾದ ವಾದವನ್ನು ಮರ್ಯಾದೆಯಿಂದ ನಡೆಸುವುದು ಗೊತ್ತಿಲ್ಲ, ಆದ್ದರಿಂದ ತಡೆಯಬೇಕು ಎನ್ನುವವರೂ ಇದ್ದಾರೆ. ತೆಲುಗಿನವರೇ ಹಾಗೆ ಹೇಳಿಕೊಳ್ಳುವುದನ್ನು ಕೇಳಿ ನನಗೆ ಸಿಟ್ಟು ಬರುತ್ತದೆ. ಅವಧಾನ ಎಂಬ ಕಲೆಯನ್ನು ಬೆಳೆಸಿದ ಭಾಷೆ ಅದು. ತಿರುಪತಿ ವೆಂಕಟ ಕವಿಗಳು ಅದನ್ನು ಊರೂರಿಗೆ ಒಯ್ದರು. ಕನ್ನಡದಲ್ಲಿ ಶತಾವಧಾನಿ ಆರ್. ಗಣೇಶರು ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಅವರು ತೆಲುಗಿನಲ್ಲೂ ಅವಧಾನ ಮಾಡುವವರು. ಅವಧಾನದ ವೇದಿಕೆಯನ್ನು ನೋಡಿದವರಿಗೆ ಗೊತ್ತು. ಎದುರಿಗೆ ಕೂತ ಪೃಚ್ಛಕರ ಕೆಲಸವೇ ತೊಡಕು ತರುವುದು. ನಿಷೇಧಾಕ್ಷರಿಯವರು ಕವಿ ಮುಂದೆ ಯಾವ ಅಕ್ಷರ ಹೇಳಬಹುದೆಂದು ಊಹಿಸಿ ಅದನ್ನೇ ಬೇಡವೆನ್ನುತ್ತಾರೆ. ಇನ್ನೊಬ್ಬರು ಅಪ್ರಸ್ತುತ ಪ್ರಸಂಗಿ; ಪದ್ಯ ಕಟ್ಟುವ ನಡುವೆಯೇ ತಲೆಬುಡವಿಲ್ಲದ ಪ್ರಶ್ನೆ ಎಸೆದು ಗಮನ ಕೆಡಿಸುವುದು ಅವರ ಪಾಲಿಗೆ ಬಂದ ಕೆಲಸ. ಸಭೆಯಲ್ಲಿ ಅತಿ ಹೆಚ್ಚು ನಗು ಹುಟ್ಟುವುದು ಅವರಿಂದ. ಯಾರೂ ಅವರನ್ನು ಹೊರಗೆ ಹಾಕುವುದಿಲ್ಲ, ಹಾರ ಹಾಕಿ ಕೂರಿಸುತ್ತಾರೆ. ಆದರೆ ಅವರ ಸರದಿ ಯಾವಾಗ, ಯಾವ ಮಾತಿಗೆ ಎಲ್ಲೆ ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಅಡ್ಡಿಯನ್ನೇ ಒಳಗೆ ಕರೆದು, ಅದಕ್ಕೊಂದು ಆಸನ, ಒಂದು ಕ್ರಮ ಕೊಟ್ಟರೆ ಸಭೆ ಕಳೆಗಟ್ಟುತ್ತದೆ ಎಂಬುದನ್ನು ಕಂಡುಕೊಂಡವರ ಮೊಮ್ಮಕ್ಕಳಿಗೆ ಇಂದು ಮೌನವೇ ಸಭ್ಯತೆ ಎಂದು ಪಾಠ ಹೇಳುತ್ತಿದ್ದೇವೆ.

ಅಷ್ಟೇ ಏಕೆ, ಇಂದಿನ ತೆಲುಗು ಗದ್ಯ ಹುಟ್ಟಿದ್ದೇ ಒಂದು ದೊಡ್ಡ ಜಗಳದಿಂದ. ಆಡುವ ತೆಲುಗಿನಲ್ಲೇ ಬರೆಯಬೇಕೆಂದು ಗಿಡುಗು ರಾಮಮೂರ್ತಿ, ಗುರಜಾಡ ಅಪ್ಪಾರಾವ್. ಗ್ರಂಥಭಾಷೆಯೇ ಇರಬೇಕೆಂದು ಜಯಂತಿ ರಾಮಯ್ಯ ಪಂತುಲು ಮತ್ತು 1911ರಲ್ಲಿ ಶುರುವಾದ ಆಂಧ್ರ ಸಾಹಿತ್ಯ ಪರಿಷತ್ತಿನವರು. ಕಡು ವಿರೋಧ, ವರ್ಷಗಟ್ಟಲೆ. ಆದರೆ ಗುರಜಾಡರು 1914ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಸಮಿತಿಗೆ ತಮ್ಮ ಅಸಮ್ಮತಿಯನ್ನು ಪುಟಗಟ್ಟಲೆ ಆಧಾರ ಕೊಟ್ಟು ಬರೆದರು. ಗಿಡುಗು ಅವರು ಹಳೆಯ ಕಾವ್ಯಗಳಿಂದ, ಶಾಸನಗಳಿಂದ ಪುರಾವೆ ಹುಡುಕಿ ತಂದರು. ಎದುರಿನವರೂ ಹಾಗೆಯೇ ಉತ್ತರಿಸಿದರು. ಆ ಕಾಲದ ಯಾರಾದರೂ ಹಿರಿಯರು "ಭಾಷೆಯ ವಿಷಯ ಬೇಡ, ಮನಸ್ತಾಪ ಬರುತ್ತದೆ" ಎಂದು ಬೀಗ ಹಾಕಿದ್ದರೆ ಇವತ್ತು ಬಿ.ಟಿ.ಎಂ.ನ ಹುಡುಗ ಮೊಬೈಲಿನಲ್ಲಿ ಬರೆಯುವ ತೆಲುಗು ಈ ರೂಪದಲ್ಲಿ ಇರುತ್ತಿತ್ತೇ? ಗಿಡುಗು ಅವರ ಹುಟ್ಟಿದ ದಿನ ಆಗಸ್ಟ್ 29ನ್ನು ತೆಲುಗು ಭಾಷಾ ದಿನವೆಂದು ಆಚರಿಸಿ, ಅದೇ ಗುಂಪಿನಲ್ಲಿ ಭಾಷೆಯ ಚರ್ಚೆಗೆ ನಿಷೇಧ ಹೇರುವುದು ಅವರಿಗೆ ಮಾಡುವ ಅವಮಾನ.

ಇನ್ನು ನಮ್ಮ ಈ ಬಡಾವಣೆಗಳ ಕಡೆಗೆ ಬರೋಣ. ದಕ್ಷಿಣ ಬೆಂಗಳೂರಿಗೆ ಬಿಸಿ ವಿಷಯವನ್ನು ತಣ್ಣಗೆ ಕೂತು ಮಾತಾಡುವುದು ಹೊಸದಲ್ಲ. ಡಿ.ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು ಸಾರ್ವಜನಿಕ ವಿಷಯಗಳನ್ನು ಓದಿ, ತಿಳಿದು ಚರ್ಚಿಸಲಿ ಎಂದು. 1971ರಲ್ಲಿ ಶುರುವಾದ ಸುಚಿತ್ರಾ ಫಿಲ್ಮ್ ಸೊಸೈಟಿ ಬನಶಂಕರಿಯಲ್ಲಿ ನೆಲೆನಿಂತು ಸಿನಿಮಾ ನೋಡಿ ವಾದಿಸುವವರನ್ನು ಬೆಳೆಸಿತು. ಎಲ್ಲಕ್ಕಿಂತ ಹೆಚ್ಚಾಗಿ ಎಚ್. ನರಸಿಂಹಯ್ಯನವರು. ತೆಲುಗು ಮನೆಮನೆಯಲ್ಲೂ ಕೇಳುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಬಡ ಹುಡುಗ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನಲ್ಲೇ ಜೀವಮಾನ ಕಳೆದವರು. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂನಲ್ಲಿ ವಾರವಾರ ಭಾಷಣ, ಆಮೇಲೆ ಪ್ರಶ್ನೆ. ಪ್ರಶ್ನೆಯಿಲ್ಲದ ಸಭೆ ಅವರಿಗೆ ಸಭೆಯೇ ಅಲ್ಲ. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ, ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಬಹಿರಂಗವಾಗಿ ಪತ್ರ ಬರೆದರು. ಭಕ್ತಿಗಿಂತ ಸೂಕ್ಷ್ಮವಾದ ವಿಷಯ ಈ ದೇಶದಲ್ಲಿ ಯಾವುದಿದೆ? ಅವರು ಆ ವಿಷಯವನ್ನು ಮುಟ್ಟಿದರು, ಮುಟ್ಟಿ ಯಾರನ್ನೂ ಹೀಯಾಳಿಸಲಿಲ್ಲ. ಪರೀಕ್ಷೆಗೆ ಬನ್ನಿ ಎಂದು ಕರೆದರು, ಅಷ್ಟೇ. ಅವರನ್ನು ಬೈದವರು ಬೇಕಾದಷ್ಟು ಜನ; ಅವರು ತಿರುಗಿ ಬೈಯಲಿಲ್ಲ, ಪ್ರಶ್ನೆಯನ್ನೂ ಬಿಡಲಿಲ್ಲ. ಈ ಎರಡೂ ಒಬ್ಬನೇ ಮನುಷ್ಯನಲ್ಲಿ ಇರಬಲ್ಲವು ಎಂಬುದಕ್ಕೆ ನಮಗೆ ಬೇರೆ ಸಾಕ್ಷಿ ಬೇಕಿಲ್ಲ.

ಅದೆಲ್ಲ ಸಭಾಂಗಣದ ಮಾತು, ಮೊಬೈಲಿನಲ್ಲಿ ಆಗದು ಎನ್ನುವವರಿಗೆ ಬನಶಂಕರಿಯ ಒಂದು ಗುಂಪಿನ ವಿಷಯ ಹೇಳಬೇಕು. ಅದರ ಅಡ್ಮಿನ್ ನಿವೃತ್ತ ಹೆಡ್‌ಮಿಸ್ಸು. ಎಲ್ಲರೂ ಅವರನ್ನು "ಟೀಚರಮ್ಮ" ಎನ್ನುತ್ತಾರೆ. ಅಲ್ಲಿ ಯಾವ ವಿಷಯಕ್ಕೂ ನಿಷೇಧವಿಲ್ಲ. ವಾರದ ಚರ್ಚೆ ಭಾನುವಾರ ಸಂಜೆ. ವಿಷಯ ತಂದವರು ಸ್ವಂತ ಮಾತಿನಲ್ಲಿ ಬರೆಯಬೇಕು, ಫಾರ್ವರ್ಡು ಲೆಕ್ಕಕ್ಕಿಲ್ಲ. ವಿರೋಧಿಸುವವರು ಮೊದಲು ಎದುರಿನವರು ಹೇಳಿದ್ದನ್ನು ಒಂದು ಸಾಲಿನಲ್ಲಿ ತಾವೇ ಬರೆದು, ಹೌದೆನ್ನಿಸಿಕೊಂಡು ಮುಂದೆ ಹೋಗಬೇಕು. ನಮ್ಮ ಶಾಸ್ತ್ರದವರು ಪೂರ್ವಪಕ್ಷವನ್ನು ಸರಿಯಾಗಿ ಹೇಳದೆ ಸಿದ್ಧಾಂತಕ್ಕೆ ಬರುತ್ತಿರಲಿಲ್ಲ. ಟೀಚರಮ್ಮ ಕೇಳುವುದೂ ಅದನ್ನೇ. ಆ ಸಂಜೆ ಅವರು ತಮ್ಮ ಅಭಿಪ್ರಾಯ ಹೇಳುವುದಿಲ್ಲ. ಒಂಬತ್ತಕ್ಕೆ ಮುಗಿಸಿ, ಯಾರು ಏನು ಹೇಳಿದರು ಎಂದು ನಾಲ್ಕು ಸಾಲನ್ನು ತೆಲುಗಿನಲ್ಲೂ ಕನ್ನಡದಲ್ಲೂ ಬರೆಯುತ್ತಾರೆ. ಯಾರಾದರೂ ಎಲ್ಲೆ ಮೀರಿದರೆ ಗುಂಪಿನಲ್ಲಿ ಗದರುವುದಿಲ್ಲ, ನೇರವಾಗಿ ಫೋನು ಮಾಡುತ್ತಾರೆ. "ಏಮಯ್ಯಾ, ಆ ಮಾಟ ನುವ್ವೇ ತೀಸೇಯಿ" ಎಂದರೆ ಹುಡುಗ ತಾನೇ ಅಳಿಸುತ್ತಾನೆ.

2024ರ ಆಗಸ್ಟ್ 10ರ ಶನಿವಾರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಅನಂತಪುರ, ಕರ್ನೂಲು, ಬಳ್ಳಾರಿ, ರಾಯಚೂರು, ಈ ನಾಲ್ಕೂ ಕಡೆಯ ಜನ ಟೀಚರಮ್ಮನ ಗುಂಪಿನಲ್ಲಿದ್ದಾರೆ. ಭಾನುವಾರ ಸಂಜೆ ಬೇರೆ ಯಾವ ವಿಷಯ ಬರಲು ಸಾಧ್ಯ? ಅನಂತಪುರದವರೊಬ್ಬರು ಕರ್ನಾಟಕ ಸರ್ಕಾರದ ನಿರ್ಲಕ್ಷ್ಯ ಎಂದರು. ಸಿರುಗುಪ್ಪದವರೊಬ್ಬರಿಗೆ ರೇಗಿತು. ಟೀಚರಮ್ಮ "ಮೊದಲು ಅವರು ಹೇಳಿದ್ದನ್ನು ಬರೆಯಿರಿ" ಎಂದರು. ಬರೆದರು. ಬರೆಯುವಾಗಲೇ ಸಿಟ್ಟು ಅರ್ಧ ಇಳಿದಿರಬೇಕು; ಅವರ ಉತ್ತರದಲ್ಲಿ ಬೈಗುಳ ಇರಲಿಲ್ಲ, ವಿಷಯ ಇತ್ತು. ಅಣೆಕಟ್ಟು ಒಂದು ರಾಜ್ಯದ ಕೈಯಲ್ಲಿಲ್ಲ, 1953ರ ಆಂಧ್ರ ರಾಜ್ಯ ಕಾಯ್ದೆಯಂತೆ ರಚನೆಯಾದ ತುಂಗಭದ್ರಾ ಮಂಡಳಿಯ ಕೈಯಲ್ಲಿದೆ, ಅದರಲ್ಲಿ ಎಲ್ಲ ಪಾಲುದಾರ ರಾಜ್ಯಗಳೂ ಕೇಂದ್ರವೂ ಇವೆ ಎಂದರು. ಅನಂತಪುರದವರು, ಹಾಗಾದರೆ ತಪ್ಪು ನಮ್ಮೆಲ್ಲರದ್ದೂ ಎಂದರು. ಅಲ್ಲಿಂದ ಮಾತು ಎಷ್ಟು ನೀರು ಹೋಗುತ್ತದೆ, ಯಾವ ಕಾಲುವೆಯ ಬೆಳೆಗೆ ಏನು ಗತಿ, ಎಪ್ಪತ್ತು ವರ್ಷದ ಗೇಟುಗಳನ್ನು ಯಾರು ನೋಡಿಕೊಳ್ಳಬೇಕು ಎಂಬ ಕಡೆಗೆ ತಿರುಗಿತು. ಆಂಧ್ರದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಅವರನ್ನು ಆ ಗುಂಪಿನಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಹೊಗಳಿದರು. ಅದೇ ಭಾನುವಾರ ಬೀಗ ಹಾಕಿದ ನನ್ನ ಇನ್ನೊಂದು ಗುಂಪಿನಲ್ಲಿ ಫ್ರಿಜ್ಜು ಮಾರಾಟಕ್ಕಿತ್ತು.

ಹೆಂಗಸರು ಬಿಸಿ ಚರ್ಚೆಯಿದ್ದರೆ ಗುಂಪು ಬಿಡುತ್ತಾರೆ ಎಂಬ ಮಾತನ್ನೂ ಬೀಗದ ಪರವಾಗಿ ಎತ್ತುತ್ತಾರೆ. ಹೆಂಗಸರು ಬಿಡುವುದು ವಿಷಯಕ್ಕಲ್ಲ. ಬರೆದ ಮಾತಿಗೆ ಉತ್ತರ ಕೊಡದೆ ಡಿಪಿಯ ಬಗ್ಗೆ ಬರೆಯುವ, ರಾತ್ರಿ ಹನ್ನೊಂದಕ್ಕೆ ಖಾಸಗಿಯಾಗಿ ಮೆಸೇಜು ಕಳಿಸುವ ಗಂಡಸರಿಗೆ ಬೇಸತ್ತು ಬಿಡುತ್ತಾರೆ. ಬಿ.ಟಿ.ಎಂ.ನಲ್ಲಿ ಪಿ.ಜಿ. ಹುಡುಗಿಯೊಬ್ಬಳು ಅಡ್ವಾನ್ಸು ವಾಪಸು ಕೊಡದ ಓನರ್ ಬಗ್ಗೆ ಕೇಳಿದರೆ, "ವಿವಾದದ ವಿಷಯ" ಎಂದು ಅಳಿಸಿದ ಶಾಂತ ಗುಂಪೂ ಇದೆ. ಆ ಶಾಂತಿ ಯಾರನ್ನು ಕಾಪಾಡಿತು? ಟೀಚರಮ್ಮನ ಗುಂಪಿನಲ್ಲಿ ಭಾನುವಾರ ಬರೆಯುವವರಲ್ಲಿ ಹೆಂಗಸರೇ ಹೆಚ್ಚು. ಫೋನು ಯಾರಿಗೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತು.

ಕನ್ನಡಿಗರಿಗೂ ಒಂದು ಮಾತು. ತೆಲುಗಿನವರು ಇಲ್ಲಿ ತೆಲುಗಿನಲ್ಲಿ ಗುಂಪು ಕಟ್ಟಿಕೊಳ್ಳುವುದೇ ಕನ್ನಡಕ್ಕೆ ವಿರೋಧ ಎಂದು ಕೆಲವರು ಗುಡುಗುತ್ತಾರೆ. ಹೈದರಾಬಾದಿನ ಕಾಚಿಗುಡದಲ್ಲಿ ನಮ್ಮವರ ಕರ್ನಾಟಕ ಸಾಹಿತ್ಯ ಮಂದಿರವಿದೆ. ಮುಂಬಯಿಯ ಮಾಟುಂಗದಲ್ಲಿ 1926ರಿಂದ ಮೈಸೂರು ಅಸೋಸಿಯೇಷನ್ ಇದೆ. ಅವುಗಳ ಬಗ್ಗೆ ನಮಗಿರುವ ಹೆಮ್ಮೆ ನ್ಯಾಯವಾದರೆ ಇವರ ಗುಂಪೂ ನ್ಯಾಯವೇ. ತೆಲುಗು ಗುಂಪುಗಳಿಂದ ನಾವು ಕೇಳಬೇಕಾದದ್ದು ಬೇರೆ: ಅಲ್ಲಿ ಕನ್ನಡದಲ್ಲಿ ಬರೆದರೂ ನಡೆಯಬೇಕು, ಹಳೆಯ ಹಳ್ಳಿಯವರ ಅರ್ಧ ಕನ್ನಡದ ತೆಲುಗಿಗೆ ಅವಮಾನ ಆಗಬಾರದು, ಈ ಊರಿನ ನೀರು, ಬೋರ್ಡು, ಶಾಲೆಯ ವಿಷಯವನ್ನು ಇದು ನಮ್ಮದಲ್ಲ ಎಂದು ಪಕ್ಕಕ್ಕೆ ತಳ್ಳಬಾರದು. ಮಾತಾಡಬಾರದೆಂದು ಬೀಗ ಹಾಕಿಸಿ, ಆಮೇಲೆ ಇವರು ನಮ್ಮೊಂದಿಗೆ ಬೆರೆಯುವುದಿಲ್ಲ ಎಂದು ದೂರುವುದು ಯಾವ ನ್ಯಾಯ?

ಅಡ್ಮಿನ್ ಆಗಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗುಂಪಿನ ವಿವರಣೆಯಲ್ಲಿರುವ ಬೇಡಗಳ ಪಟ್ಟಿಯನ್ನು ಈ ವಾರ ತೆಗೆದುಹಾಕಿ. ಅದರ ಜಾಗದಲ್ಲಿ ಎರಡೇ ಮಾತು ಬರೆಯಿರಿ: ವಿಷಯದ ಮೇಲೆ ಏನು ಬೇಕಾದರೂ ಹೇಳಿ, ಮನುಷ್ಯರ ಮೇಲೆ ಬೇಡ; ಫಾರ್ವರ್ಡು ಬೇಡ, ನಿಮ್ಮದೇ ಮಾತಿರಲಿ. ವಾರಕ್ಕೆ ಎರಡು ಗಂಟೆ ನೀವು ಖುದ್ದಾಗಿ ಕೂತು ನಡೆಸಿಕೊಡಿ. ಅಷ್ಟು ಸಮಯ ಕೊಡಲು ಆಗದಿದ್ದರೆ ಅಡ್ಮಿನ್ ಸ್ಥಾನವನ್ನು ಕೊಡಬಲ್ಲವರಿಗೆ ಬಿಟ್ಟುಕೊಡಿ. ನಿಮ್ಮ ಬಡಾವಣೆಯಲ್ಲೂ ನಿವೃತ್ತರಾದ ಒಬ್ಬ ಟೀಚರಮ್ಮ ಖಂಡಿತ ಇದ್ದಾರೆ, ಹೋಗಿ ಕೇಳಿ.